ಮಂಡ್ಯದ ಸೊಪ್ಪು, ನಮ್ಮ ಮಂಡಿ

ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಹೋಗುವವರಿಗೆ ಮಂಡ್ಯ ಎಂಬುದು ಈಗ ರಸ್ತೆ ಬದಿಯ ಒಂದು ಫಲಕ ಮಾತ್ರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಮದ್ದೂರಿನ ನೆತ್ತಿಯ ಮೇಲಿನಿಂದ ಹಾರಿ, ಮಂಡ್ಯವನ್ನು ಪಕ್ಕಕ್ಕೆ ಬಿಟ್ಟು ಮುಂದೆ ಸಾಗುತ್ತದೆ. ಆದ್ದರಿಂದ ಸಹೋದರಿಯರೇ, ಈ ಸಲ ಮೈಸೂರಿನ ನೆಂಟರ ಮನೆಗೋ ಶ್ರೀರಂಗಪಟ್ಟಣಕ್ಕೋ ಹೊರಟಾಗ ರೈಲಿನಲ್ಲಿ ಬನ್ನಿ. ಮದ್ದೂರು ಬಂದಾಗ ವಡೆ ಮಾರುವವರ ಕೂಗು ಕೇಳಿಸುತ್ತದೆ. ಮಕ್ಕಳಿಗೆ ಒಂದೊಂದು ಕೊಡಿಸಿ, ನೀವೂ ಅರ್ಧ ತಿನ್ನಿ. ಎಣ್ಣೆಯಲ್ಲಿ ಕರಿದದ್ದನ್ನು ಪೂರ್ತಿ ಬಿಡಿ ಎಂದು ಹೇಳುವ ಕಠಿಣ ಮನಸ್ಸು ನನ್ನದಲ್ಲ! ಆದರೆ ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಸಿಕೊಂಡು ಮಂಡ್ಯದಲ್ಲಿ ಇಳಿಯಿರಿ. ನಾವು ನೋಡಬೇಕಾಗಿರುವುದು ಅರಮನೆ, ಕೋಟೆಗಳನ್ನಲ್ಲ, ಸೊಪ್ಪನ್ನು.

ನಗಬೇಡಿ. ಮಂಡ್ಯದ ಮಾರುಕಟ್ಟೆಗೆ ಬೆಳಿಗ್ಗೆ ಏಳು ಗಂಟೆಗೆ ಹೋದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಸುತ್ತಲಿನ ಹಳ್ಳಿಗಳ ಹೆಂಗಸರು ಗೋಣಿಚೀಲ ಹಾಸಿ ಕೂತಿರುತ್ತಾರೆ. ದಂಟು, ಕೀರೆ, ಅರಿವೆ, ಸಬ್ಬಸಿಗೆ, ಮೆಂತ್ಯ, ಚಕ್ಕೋತ, ಪಾಲಕ್, ನುಗ್ಗೆ. ಇವೆಲ್ಲ ನಮಗೆ ಗೊತ್ತಿರುವಂಥವು. ಇವುಗಳ ಪಕ್ಕದಲ್ಲಿ ಹೊನಗೊನೆ, ಅಣ್ಣೆ, ಗಣಿಕೆ, ಗೋಣಿಸೊಪ್ಪು ಎಲ್ಲ ಸೇರಿಸಿ ಕಟ್ಟಿದ ಒಂದು ಕಟ್ಟು ಇರುತ್ತದೆ. ಅದಕ್ಕೆ ಬೆರಕೆ ಸೊಪ್ಪು ಎನ್ನುತ್ತಾರೆ. ಹೊಲದಲ್ಲಿ, ಬದುವಿನ ಮೇಲೆ ತಾನಾಗಿ ಹುಟ್ಟಿದ್ದನ್ನು ಕಿತ್ತು ತಂದದ್ದು. "ತಕ್ಕೊಳ್ಳಿ ಕನಕ್ಕ, ಮೊಣಕಾಲಿಗೆ ಒಳ್ಳೇದು" ಎಂದು ಮಾರುವಾಕೆ ಹೇಳಿದರೆ ಅದು ವ್ಯಾಪಾರದ ಮಾತು ಎಂದು ಕಡೆಗಣಿಸಬೇಡಿ. ಹಾಗೆಂದು ಪೂರ್ತಿ ನಂಬಲೂಬೇಡಿ. ಆ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ಇಲ್ಲ ಎಂಬುದನ್ನು ತಿಳಿಯುವುದಕ್ಕೇ ಈ ಪ್ರಯಾಣ.

ಮಂಡ್ಯ ಪಟ್ಟಣದಿಂದ ಆರೇಳು ಕಿಲೋಮೀಟರ್ ದೂರದಲ್ಲಿದೆ ವಿ.ಸಿ. ಫಾರಂ. ಊರಿನ ಹೆಸರೇ ಹಾಗೆ. ವಿ.ಸಿ. ಎಂದರೆ ವಿಶ್ವೇಶ್ವರಯ್ಯ ಕೆನಾಲ್, ಅಂದರೆ ವಿಶ್ವೇಶ್ವರಯ್ಯ ನಾಲೆ. ಕನ್ನಂಬಾಡಿ ಕಟ್ಟೆಯಿಂದ ಕಾವೇರಿಯನ್ನು ಈ ಬಯಲಿಗೆ ತಂದ ನಾಲೆ ಇದು. ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇದನ್ನು ಮೊದಲು ಇರ್ವಿನ್ ನಾಲೆ ಎಂದು ಕರೆಯುತ್ತಿದ್ದರು. ನೀರು ಬರುತ್ತದೆ ಎಂದಾದ ಮೇಲೆ, ಆ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಎಂದು ರೈತರಿಗೆ ತೋರಿಸಿಕೊಡಲು 1931ರಲ್ಲಿ ಇಲ್ಲಿ ಇರ್ವಿನ್ ಕೆನಾಲ್ ಫಾರಂ ಆರಂಭವಾಯಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯ ಕಾಲ ಅದು. ಅಡಿಕೆಯ ಕೊಳೆರೋಗಕ್ಕೆ ಔಷಧ ಸಿಂಪಡಿಸುವುದನ್ನು ನಮ್ಮ ಮಲೆನಾಡಿಗೆ ಕಲಿಸಿದವರೂ ಇವರೇ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯವು ಮೈಸೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು.

ಒಂದು ನಾಲೆ ಎಷ್ಟೆಲ್ಲ ಬದಲಿಸಿತು ನೋಡಿ! ಮಳೆ ನಂಬಿ ರಾಗಿ ಬೆಳೆಯುತ್ತಿದ್ದ ನೆಲ ಭತ್ತ, ಕಬ್ಬುಗಳ ನೆಲವಾಯಿತು. ಇದು ಅಲ್ಲಾಹನ ದೊಡ್ಡ ಅನುಗ್ರಹ, ಅದರಲ್ಲಿ ಎರಡು ಮಾತಿಲ್ಲ. ಹಸಿವು ನೀಗಿತು, ಮಕ್ಕಳು ಓದಿದರು, ಹೆಂಚಿನ ಮನೆಗಳು ತಾರಸಿಯಾದವು. ಆದರೆ ರಾಗಿ ಹೊಲದೊಂದಿಗೆ ಇನ್ನೂ ಒಂದು ಸಂಗತಿ ಹಿಂದೆ ಸರಿಯಿತು. ಅದನ್ನು ಯಾರೂ ಲೆಕ್ಕ ಬರೆದಿಡಲಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಇರುತ್ತಿದ್ದವು. ಸಾಲಿನ ನಡುವೆ ಅಣ್ಣೆ, ಕನ್ನೆ, ಗೋಣಿಸೊಪ್ಪು ಹುಟ್ಟುತ್ತಿತ್ತು. ಕಳೆ ಕೀಳಲು ಹೋದ ಹೆಂಗಸು ಸಂಜೆ ಮಡಿಲ ತುಂಬ ಸೊಪ್ಪು ತರುತ್ತಿದ್ದಳು. ದುಡ್ಡು ಕೊಡದೆ ಸಿಗುವ ಸಾರು ಅದು. ಕಬ್ಬಿನ ಗದ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಕಳೆನಾಶಕ ಹೊಡೆದ ಬದುವಿನಲ್ಲಂತೂ ಇಲ್ಲವೇ ಇಲ್ಲ.

ಹಾಗಾದರೆ ವಿ.ಸಿ. ಫಾರಂ ರಾಗಿಯನ್ನು ಮರೆಯಿತೇ? ಇಲ್ಲ. ನೀರಾವರಿಗಾಗಿ ಹುಟ್ಟಿದ ಈ ಕೇಂದ್ರದಲ್ಲೇ ರಾಗಿಗೆ ಹೊಸ ಜೀವ ಬಂದದ್ದು. ಡಾ. ಲಕ್ಷ್ಮಣಯ್ಯನವರು ಇಲ್ಲಿ ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದರು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಎಂಬ ಹೆಸರು. ರಾಗಿಯ ಹೂವು ಎಷ್ಟು ಚಿಕ್ಕದೆಂದರೆ ಅದರ ಮೇಲೆ ಇನ್ನೊಂದರ ಪರಾಗ ಹಾಕುವುದು ಸೂಜಿಯ ಕಣ್ಣಿನಲ್ಲಿ ದಾರ ಪೋಣಿಸಿದ್ದಕ್ಕಿಂತ ಕಷ್ಟ. ಆ ತಾಳ್ಮೆಗಾಗಿ ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 'ಕೆ.ಎಂ.ಆರ್.' ಎಂಬ ಅಕ್ಷರಗಳಿಂದ ಶುರುವಾಗುವ ರಾಗಿ ತಳಿಗಳನ್ನು ನೋಡಿದ್ದೀರಾ? ಅದರಲ್ಲಿರುವ 'ಎಂ' ಈ ಮಂಡ್ಯವೇ. ಬಿಳಿ ರಾಗಿಯ ತಳಿಯೂ ಇಲ್ಲಿಂದ ಬಂದಿದೆ. ಕಪ್ಪು ಮುದ್ದೆ ಕಂಡರೆ ಮುಖ ತಿರುಗಿಸುವ ಮಕ್ಕಳಿದ್ದರೆ ಇದನ್ನು ನೆನಪಿಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇದರ ಹತ್ತರಲ್ಲಿ ಒಂದು ಭಾಗವೂ ಇಲ್ಲ.

ಇದು ಸಂಶೋಧನಾ ಕೇಂದ್ರ, ಉದ್ಯಾನವನವಲ್ಲ. ಕೃಷಿ ಕಾಲೇಜು ಇದೆ, ಕೃಷಿ ವಿಜ್ಞಾನ ಕೇಂದ್ರ ಇದೆ, ಪ್ರಯೋಗದ ತಾಕುಗಳಿವೆ. ಸುಮ್ಮನೆ ಒಳಗೆ ನುಗ್ಗಿ ಗಿಡ ಮುಟ್ಟುವಂತಿಲ್ಲ. ಕೃಷಿ ಮೇಳ ನಡೆಯುವ ದಿನಗಳಲ್ಲಿ ಹೋದರೆ ಎಲ್ಲವನ್ನೂ ತೋರಿಸುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಬೇರೆ ದಿನವಾದರೆ ಕಚೇರಿ ತೆರೆದಿರುವ ಹೊತ್ತಿಗೆ ಹೋಗಿ ಕೇಳಿ. ಬುರ್ಖಾ ತೊಟ್ಟ ನಾವು ಹೋದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಬೇಸಾಯದ ವಿಷಯ ಕೇಳಲು ಬಂದ ಯಾರನ್ನೂ ಈ ಜಿಲ್ಲೆಯ ಜನ ವಿಚಿತ್ರವಾಗಿ ನೋಡುವುದಿಲ್ಲ. ಇದೇ ಜಿಲ್ಲೆಯ ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಎಂಬ ರೈತರು ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಾಡಿನ ಮೂಲೆಮೂಲೆಗಳಿಂದ ರೈತರು ಅವರಲ್ಲಿಗೆ ಹೋಗುತ್ತಾರೆ. ಮುಸ್ಲಿಮನೊಬ್ಬ ಗಿಡ ನೆಟ್ಟು, ಅದರಿಂದ ಮನುಷ್ಯನೋ ಪ್ರಾಣಿಯೋ ಹಕ್ಕಿಯೋ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆ ಎಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ನಾವೆಲ್ಲ ಕೇಳಿದ್ದೇವೆ. ಕೇಳಿದವರಲ್ಲಿ ಎಷ್ಟು ಮಂದಿ ನೆಟ್ಟಿದ್ದೇವೆ ಎಂಬುದು ಬೇರೆ ಪ್ರಶ್ನೆ!

ಈಗ ಮಂಡಿಯ ವಿಷಯಕ್ಕೆ ಬರೋಣ.

ನಮ್ಮ ಮನೆಗಳಲ್ಲಿ ನಲವತ್ತೈದು ದಾಟಿದ ಹೆಂಗಸರು ನಾಲ್ವರು ಸೇರಿದರೆ ಮಾತು ಮಂಡಿನೋವಿಗೇ ಬರುತ್ತದೆ. ಸಜ್ದಾದಿಂದ ಏಳುವಾಗ ಕೈ ಊರಬೇಕು, ಶೌಚಾಲಯದಲ್ಲಿ ಕೂರಲು ಆಗದು, ಮೆಟ್ಟಿಲು ಇಳಿಯುವಾಗ ಗೋಡೆ ಬೇಕು. ಇದು ನಮ್ಮ ಕಲ್ಪನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 52.8 ಕೋಟಿ ಜನರಿಗೆ ಸಂಧಿ ಸವೆತದ ಕಾಯಿಲೆ ಇತ್ತು. ಅವರಲ್ಲಿ ನೂರಕ್ಕೆ 60 ಮಂದಿ ಹೆಂಗಸರು. ಮುಟ್ಟು ನಿಂತ ಮೇಲೆ ಇದು ಹೆಚ್ಚುತ್ತದೆ, ದೇಹದ ತೂಕ ಏರಿದಂತೆ ಇನ್ನೂ ಹೆಚ್ಚುತ್ತದೆ.

ಇನ್ನೊಂದು ಬಗೆಯ ಸಂಧಿವಾತವಿದೆ, ಅದು ಸವೆತವಲ್ಲ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿಯೇ ತಪ್ಪಿ ಕೀಲುಗಳ ಮೇಲೆ ತಿರುಗಿ ಬೀಳುವುದು. ರುಮಟಾಯ್ಡ್ ಎನ್ನುತ್ತಾರೆ. ಎರಡೂ ಕೈಗಳ ಬೆರಳ ಗಂಟುಗಳು ಒಟ್ಟಿಗೆ ಊದಿಕೊಳ್ಳುತ್ತವೆ, ಬೆಳಿಗ್ಗೆ ಎದ್ದಾಗ ಒಂದು ಗಂಟೆ ಕಳೆದರೂ ಮುಷ್ಟಿ ಬಿಗಿಯಲಾಗದು, ಕಾರಣವಿಲ್ಲದೆ ಸುಸ್ತು. ಇದರಲ್ಲಂತೂ ನೂರಕ್ಕೆ ಸುಮಾರು 70 ಮಂದಿ ಹೆಂಗಸರೇ. ಸಹೋದರಿಯರೇ, ಈ ಲಕ್ಷಣಗಳಿದ್ದರೆ ಸೊಪ್ಪಿನ ಸಾರು ಕುಡಿಯುತ್ತಾ ಕೂರಬೇಡಿ. ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮೊದಲ ತಿಂಗಳುಗಳಲ್ಲೇ ಸರಿಯಾದ ಔಷಧ ಸಿಕ್ಕರೆ ಬೆರಳು ಸೊಟ್ಟಗಾಗುವುದನ್ನು ತಡೆಯಬಹುದು. ತಡವಾದರೆ ಸೊಟ್ಟಗಾದ ಬೆರಳನ್ನು ಯಾವ ಸೊಪ್ಪೂ ನೆಟ್ಟಗೆ ಮಾಡದು. "ಮದುವೆ ಮುಗಿಯಲಿ, ರಮಝಾನ್ ಕಳೆಯಲಿ" ಎಂದು ಮುಂದೂಡುತ್ತಾ ಹೋಗುವ ನಮ್ಮ ಅಭ್ಯಾಸ ಇಲ್ಲಿ ಬಹಳ ದುಬಾರಿ. ಊರೂರಿನಲ್ಲಿ ಮಾರುವ ಗಂಟುನೋವಿನ ಪುಡಿಗಳ ಬಗ್ಗೆಯೂ ಎಚ್ಚರವಿರಲಿ. ತಿಂದ ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. 2006ರಲ್ಲಿ ಚಿಕೂನ್‌ಗುನ್ಯ ನಮ್ಮ ರಾಜ್ಯವನ್ನು ಹಿಂಡಿದ ಕಾಲವನ್ನು ನೆನಪಿಸಿಕೊಳ್ಳಿ. ಜ್ವರ ಹೋದರೂ ಗಂಟುನೋವು ತಿಂಗಳುಗಟ್ಟಲೆ ಉಳಿದಿತ್ತು, ಜನ ಸಿಕ್ಕಿದ್ದನ್ನೆಲ್ಲ ನುಂಗಿದರು.

ಹಾಗಾದರೆ ಸೊಪ್ಪು ಏನು ಮಾಡುತ್ತದೆ? ಮೂಳೆಗಳ ತುದಿಗೆ ಅಲ್ಲಾಹನು ನುಣುಪಾದ ಒಂದು ಮೆತ್ತೆಯನ್ನು ಹೊದಿಸಿದ್ದಾನೆ. ಮೃದ್ವಸ್ಥಿ ಎಂದು ಅದರ ಹೆಸರು. ಅದು ಮೆತ್ತಗಿರಬೇಕು, ಅದರೊಳಗೆ ಸುಣ್ಣ ಕಟ್ಟಬಾರದು. ಹಾಗೆ ಕಟ್ಟದಂತೆ ನೋಡಿಕೊಳ್ಳುವ ಒಂದು ಪ್ರೋಟೀನು ನಮ್ಮ ದೇಹದಲ್ಲಿದೆ. ಆ ಪ್ರೋಟೀನು ಕೆಲಸ ಮಾಡಲು ಕೆ ಜೀವಸತ್ವ ಬೇಕು. ಕೆ ಜೀವಸತ್ವ ನಮಗೆ ಹೆಚ್ಚಾಗಿ ಸಿಗುವುದೇ ಹಸಿರು ಸೊಪ್ಪಿನಿಂದ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದಲ್ಲಿ ದಶಕಗಳಿಂದ ಜನರ ಆರೋಗ್ಯವನ್ನು ಗಮನಿಸುತ್ತಾ ಬಂದಿದ್ದಾರೆ. ರಕ್ತದಲ್ಲಿ ಕೆ ಜೀವಸತ್ವ ಕಡಿಮೆ ಇದ್ದವರ ಕೈ ಮತ್ತು ಮಂಡಿಗಳಲ್ಲಿ ಸವೆತದ ಗುರುತುಗಳು ಹೆಚ್ಚಿದ್ದವು ಎಂದು ಅಲ್ಲಿಂದ 2006ರಲ್ಲಿ ವರದಿಯಾಯಿತು. ಸರಿ, ಹಾಗಾದರೆ ಮಾತ್ರೆಯನ್ನೇ ಕೊಟ್ಟು ನೋಡೋಣ ಎಂದು ಸಂಶೋಧಕರು ಮೂರು ವರ್ಷ ಕೆ ಜೀವಸತ್ವ ಕೊಟ್ಟು ಕೈಗಳ ಚಿತ್ರ ತೆಗೆದು ಪರೀಕ್ಷಿಸಿದರು. 2008ರಲ್ಲಿ ಬಂದ ಆ ಫಲಿತಾಂಶದಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಮೊದಲೇ ಕೊರತೆ ಇದ್ದು ಅದು ತುಂಬಿದವರಲ್ಲಿ ಮಾತ್ರ ಸ್ವಲ್ಪ ಅನುಕೂಲದ ಸೂಚನೆ ಸಿಕ್ಕಿತು.

ಇದರಿಂದ ನಾನು ಅರ್ಥಮಾಡಿಕೊಂಡದ್ದು ಇಷ್ಟೇ. ಸೊಪ್ಪು ಸಂಧಿವಾತಕ್ಕೆ ಔಷಧವಲ್ಲ, ಕೊರತೆಯಾಗದಂತೆ ನೋಡಿಕೊಳ್ಳುವ ಕಾವಲು. ಮನೆಗೆ ಕಳ್ಳ ನುಗ್ಗಿದ ಮೇಲೆ ಬೀಗ ತಂದರೆ ಏನು ಪ್ರಯೋಜನ? ಮಂಡಿ ಹಿಡಿದ ಮೇಲಲ್ಲ, ಮೂವತ್ತರ ವಯಸ್ಸಿನಲ್ಲೇ ದಿನಾ ತಟ್ಟೆಯಲ್ಲಿ ಸೊಪ್ಪು ಇರಬೇಕು. ಜೊತೆಗೆ ಅದು ಹೊಟ್ಟೆ ತುಂಬಿಸುತ್ತದೆ, ಕೊಬ್ಬು ಕೂಡಿಸುವುದಿಲ್ಲ. ಮಂಡಿಗೆ ಇದೇ ಅತಿ ದೊಡ್ಡ ಉಪಕಾರ ಎಂದು ನನಗನಿಸುತ್ತದೆ. ತೂಕ ಹೆಚ್ಚಿದ್ದು ಮಂಡಿ ಸವೆದವರ ನಡಿಗೆಯನ್ನು ಅಳೆದು ನೋಡಿದ್ದಾರೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದೆ. ದಿನಕ್ಕೆ ನಾವು ಇಡುವ ಸಾವಿರಾರು ಹೆಜ್ಜೆಗಳಿಗೆ ಗುಣಿಸಿ ನೋಡಿ.

ನಮ್ಮ ಆಹಾರ ತಜ್ಞರು ವಯಸ್ಕರಿಗೆ ದಿನಕ್ಕೆ 100 ಗ್ರಾಂ ಸೊಪ್ಪು ಹೇಳಿದ್ದಾರೆ. ಒಬ್ಬೊಬ್ಬರಿಗೂ ಒಂದು ಸಣ್ಣ ಕಟ್ಟು. ಈಗ ನಮ್ಮ ಅಡುಗೆಮನೆಯನ್ನು ನೋಡೋಣ. ಪಾಲಕ್ ಗೋಷ್ಟ್, ಮೇಥಿ ಕೀಮಾ ಮಾಡುತ್ತೇವೆ, ನಿಜ. ಅದರಲ್ಲಿ ಗೋಷ್ಟ್ ಎಷ್ಟು, ಪಾಲಕ್ ಎಷ್ಟು? ಬಿರಿಯಾನಿಯ ಮೇಲೆ ಉದುರಿಸಿದ ಕೊತ್ತಂಬರಿ, ಪುದೀನವನ್ನು ಸೊಪ್ಪು ಎಂದು ಲೆಕ್ಕ ಹಿಡಿಯಲಾಗದು. ಮಳವಳ್ಳಿ ತಾಲೂಕಿನ ಬಂಡೂರು ಕುರಿಯ ಮಾಂಸಕ್ಕೆ ನಮ್ಮಲ್ಲಿ ಎಷ್ಟು ಬೆಲೆ! ಆ ಕುರಿ ದಿನವಿಡೀ ಮೇಯುವುದು ಹಸಿರನ್ನೇ. ಅದರ ಪಾಲಿನದನ್ನು ಅದೇ ತಿಂದು ಮುಗಿಸಲಿ ಎಂದು ನಾವು ಬಿಟ್ಟುಬಿಟ್ಟಿದ್ದೇವೆ. ಇನ್ನೊಂದು ಮಾತು. ಮಾಡಿದ ಸೊಪ್ಪಿನ ಪಲ್ಯವನ್ನು ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ಬಡಿಸಿ, ಕೊನೆಗೆ ಉಳಿದ ಅನ್ನಕ್ಕೆ ಉಳಿದ ಸಾರು ಕಲಸಿ ತಿನ್ನುವವಳು ಯಾರು? ಮಂಡಿನೋವು ಹೆಚ್ಚು ಬರುವುದೂ ಅವಳಿಗೇ. ಸೊಪ್ಪು ಬಿಡಿಸಿದ ಕೈಗೆ ಅದರಲ್ಲಿ ಪಾಲಿದೆ. ಮೊದಲು ನಿಮ್ಮ ಪಾಲನ್ನು ಎತ್ತಿಡಿ.

ಮಂಡ್ಯದವರು ಸೊಪ್ಪನ್ನು ಬೇಯಿಸುವ ರೀತಿಯನ್ನು ಕಲಿತುಕೊಂಡು ಹೋಗಿ. ಉಪ್ಪುಸಾರಿಗೆ ತೊಗರಿಬೇಳೆಯೊಂದಿಗೆ ಸೊಪ್ಪು ಬೇಯಿಸಿ ನೀರು ಬಸಿಯುತ್ತಾರೆ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಸೇರಿಸಿ ಖಾರ ಅರೆಯುತ್ತಾರೆ. ಬಸಿದ ಕಟ್ಟಿಗೆ ಆ ಖಾರವನ್ನು ಬೇಕಾದಷ್ಟು ಕಲಸಿಕೊಂಡು ಮುದ್ದೆ ಉಣ್ಣುವುದು. ಬೆಂದ ಸೊಪ್ಪು, ಬೇಳೆಗೆ ಒಗ್ಗರಣೆ ಹಾಕಿ ಪಲ್ಯ. ಸೊಪ್ಪಿನ ಸತ್ವ ಹೊತ್ತ ನೀರು ಚರಂಡಿಗೆ ಹೋಗುವುದಿಲ್ಲ, ಅದೇ ಸಾರಾಗುತ್ತದೆ. ಒಗ್ಗರಣೆಯ ಎಣ್ಣೆಯೂ ವ್ಯರ್ಥವಲ್ಲ. ಕೆ ಜೀವಸತ್ವ ಎಣ್ಣೆಯಲ್ಲಿ ಕರಗುವಂಥದ್ದು, ಒಂದೆರಡು ಚಮಚ ಎಣ್ಣೆ ಇದ್ದರೇ ದೇಹ ಅದನ್ನು ಹೀರಿಕೊಳ್ಳುವುದು. ಮಸ್ಸೊಪ್ಪು ಇನ್ನೂ ಸುಲಭ, ಬೇಳೆಯೊಂದಿಗೆ ಬೇಯಿಸಿ ಮಸೆದರೆ ಮುಗಿಯಿತು. ಹಲ್ಲಿಲ್ಲದ ಅಜ್ಜಿಗೂ ಹಠದ ಮಗುವಿಗೂ ಹಿಡಿಸುತ್ತದೆ. ಕರಾವಳಿಯ ಸಹೋದರಿಯರಿಗೆ ಬಸಳೆ, ಹರಿವೆ, ಮಳೆಗಾಲದ ತಗಟೆ ಇದ್ದೇ ಇದೆ. ರಮಝಾನಿನಲ್ಲಿ ಸಮೋಸ, ಪಕೋಡಗಳ ನಡುವೆ ಸೊಪ್ಪು ತಿಂಗಳಿಡೀ ಕಾಣೆಯಾಗುತ್ತದೆ. ಇಫ್ತಾರಿನ ಗಂಜಿ ಇಳಿಸುವ ಮೊದಲು ಒಂದು ಹಿಡಿ ನುಗ್ಗೆಸೊಪ್ಪು ಹಾಕಿ ಕುದಿಸಿ ನೋಡಿ. ನೂರು ಗ್ರಾಂ ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅಷ್ಟೇ ಹಾಲಿನಲ್ಲಿ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ.

ಎಲ್ಲ ಸೊಪ್ಪೂ ಎಲ್ಲರಿಗೂ ಒಂದೇ ಅಲ್ಲ. ಪಾಲಕ್‌ನಲ್ಲಿ ಆಕ್ಸಲೇಟ್ ಬಹಳ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೂಳೆಗೆಂದು ಪಾಲಕ್ ಒಂದನ್ನೇ ನಂಬಬೇಡಿ, ಮೆಂತ್ಯ, ನುಗ್ಗೆ, ಸಬ್ಬಸಿಗೆ ಎಂದು ಬದಲಿಸುತ್ತಿರಿ. ಮೂತ್ರಪಿಂಡದಲ್ಲಿ ಕಲ್ಲಾದವರು ಪಾಲಕ್, ದಂಟುಗಳ ವಿಷಯದಲ್ಲಿ ವೈದ್ಯರನ್ನು ಕೇಳಬೇಕು. ಅಂಥವರ ಮನೆಯಲ್ಲಿ ಮಾತ್ರ ಬಸಿದ ನೀರನ್ನು ಚೆಲ್ಲುವುದೇ ಸರಿ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾಗಿ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಮ್ ಮಾತ್ರೆ ನುಂಗುತ್ತಿರುವವರು ಈ ಲೇಖನ ಓದಿ ದಿಢೀರನೆ ಸೊಪ್ಪು ಹೆಚ್ಚಿಸಬಾರದು. ಕೆ ಜೀವಸತ್ವ ಆ ಮಾತ್ರೆಯ ಶಕ್ತಿಯನ್ನು ಕುಂದಿಸುತ್ತದೆ. ಅವರು ದಿನವೂ ಒಂದೇ ಪ್ರಮಾಣದಲ್ಲಿ ತಿನ್ನಬೇಕು, ಬದಲಾವಣೆಯನ್ನು ವೈದ್ಯರಿಗೆ ಹೇಳಿಯೇ ಮಾಡಬೇಕು. ಯೂರಿಕ್ ಆಮ್ಲದ ಗಂಟುನೋವು ಇರುವವರಿಗೆ ಸೊಪ್ಪು, ಬೇಳೆ ಎಲ್ಲ ಬಿಡಿ ಎಂದು ಹೇಳುವವರಿದ್ದಾರೆ. ದೊಡ್ಡ ಅಧ್ಯಯನವೊಂದು 2004ರಲ್ಲಿ ಕಂಡುಕೊಂಡಂತೆ ಆ ರೋಗದ ಅಪಾಯ ಹೆಚ್ಚಿಸುವುದು ಮಾಂಸ, ಮೀನು. ತರಕಾರಿ ಅಲ್ಲ. ಕಲೇಜಿ, ಗುರ್ದಾ ಬಿಡಲು ಮನಸ್ಸಾಗದೆ ಬಡಪಾಯಿ ಸೊಪ್ಪಿನ ಮೇಲೆ ತಪ್ಪು ಹೊರಿಸುವುದು ನ್ಯಾಯವೇ?

ಸೊಪ್ಪು ಎಷ್ಟೇ ತಿಂದರೂ ಬಿಸಿಲು ಕಾಣದ ಮೈಗೆ ಡಿ ಜೀವಸತ್ವ ಸಿಗದು. ಮನೆಯ ಮಾಳಿಗೆಯಲ್ಲೋ ಹಿತ್ತಿಲಿನಲ್ಲೋ ಪರದೆಗೆ ಭಂಗವಿಲ್ಲದ ಜಾಗದಲ್ಲಿ ದಿನಾ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಗಲಿ. ಮಂಡಿ ನೋಯುತ್ತದೆಂದು ನಡೆಯುವುದನ್ನು ನಿಲ್ಲಿಸಬೇಡಿ, ತೊಡೆಯ ಸ್ನಾಯು ಬಲವಾಗಿದ್ದರೆ ಮಂಡಿಗೆ ಅದೇ ಊರುಗೋಲು. ಆದರೆ ಕೂತು ಏಳಲಾರದಷ್ಟು ನೋವಿದ್ದರೆ ಕುರ್ಚಿಯಲ್ಲಿ ನಮಾಝ್ ಮಾಡಲು ನಾಚಬೇಡಿ. ನಿಂತು ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಲಗಿ ನಮಾಝ್ ನಿರ್ವಹಿಸುವಂತೆ ಪ್ರವಾದಿ(ಸ)ಯವರು ಕಾಯಿಲೆಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಹೇಳಿದ್ದರು. ಸೊಸೆಯಂದಿರ ಎದುರು ಕುರ್ಚಿ ಹಾಕಿಕೊಳ್ಳುವುದು ಹೇಗೆ ಎಂದು ನೋವು ನುಂಗುವ ಅತ್ತೆಯಂದಿರಿಗೆ ಈ ಮಾತನ್ನು ಓದಿ ಹೇಳಿ.

ಹೊರಡುವ ಮುಂಚೆ ಮಂಡ್ಯದಲ್ಲಿ ದಂಟು, ಮೆಂತ್ಯ, ಸಬ್ಬಸಿಗೆಯ ಬೀಜ ಒಂದೊಂದು ಪೊಟ್ಟಣ ಕೊಳ್ಳಿ. ನಗರದ ಅಂಚಿನಲ್ಲಿ ಚರಂಡಿ ನೀರಿನಲ್ಲಿ ಬೆಳೆದ ಸೊಪ್ಪನ್ನು ಎಷ್ಟು ತೊಳೆದರೂ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಒಡೆದ ಬಕೆಟ್, ಹಳೆಯ ಟಬ್, ಸಿಮೆಂಟ್ ಚೀಲ ಯಾವುದಾದರೂ ಸಾಕು, ತಳಕ್ಕೆ ನಾಲ್ಕು ತೂತು ಇರಲಿ. ಮಣ್ಣಿಗೆ ಮೂರರಲ್ಲಿ ಒಂದು ಪಾಲು ಕೊಟ್ಟಿಗೆ ಗೊಬ್ಬರ ಬೆರೆಸಿ. ದಂಟಿನ ಬೀಜ ಸಾಸಿವೆಗಿಂತಲೂ ಚಿಕ್ಕದು, ಒಂದು ಹಿಡಿ ಮರಳಿನೊಂದಿಗೆ ಕಲಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ಮೇಲೆ ತೆಳುವಾಗಿ ಮಣ್ಣು ಉದುರಿಸಿ, ಕೈಯಿಂದ ನೀರು ಚಿಮುಕಿಸಿ. ವುಝೂಗೆ ಬಳಸಿದ ನೀರು ಹರಿಯುವ ಕಡೆ ಇಟ್ಟರೆ ದಿನಕ್ಕೆ ಐದು ಸಲ ನೀರು ತಾನಾಗಿ ಸಿಗುತ್ತದೆ. ಇಪ್ಪತ್ತೈದು, ಮೂವತ್ತು ದಿನಕ್ಕೆ ಮೊದಲ ಕೊಯ್ಲು. ಬುಡ ಕೀಳದೆ ಮೇಲಿನಿಂದ ಚಿವುಟಿ, ಮತ್ತೆ ಚಿಗುರುತ್ತದೆ.